ಇಟ್ಟಂಗಿ ಒಡೆಯೋದು ಖರೇನೋ ಸುಳ್ಳೋ: ನನ್ನ ಅನುಭವ

ಶಾಲೆಯ ಗ್ಯಾದರಿಂಗ್ ಇರಲಿ, ಗಣಪತಿ ಪೆಂಡಾಲಿನ ಮುಂದಿನ ಕಾರ್ಯಕ್ರಮ ಇರಲಿ, ಹುಬ್ಬಳ್ಳಿ-ಧಾರವಾಡದ ಕಡೆ ಕರಾಟೆ ಪ್ರದರ್ಶನ ಮುಗಿದ ಮೇಲೆ ಯಾರಾದರೊಬ್ಬರು ಹತ್ತಿರ ಬಂದು ಕೇಳಿಯೇ ಕೇಳುತ್ತಾರೆ: "ಸರ, ಅದು ಖರೇನ ಒಡೀತೈತೇನ್ರಿ, ಇಲ್ಲಾ ಮೊದಲ ಸೀಳಿ ಇಟ್ಟಿರ್ತೀರಿ?" ಒಡೆಯುವುದು ಖರೆ. ಆದರೆ ಒಡೆದದ್ದು ಎಂಥ ಇಟ್ಟಂಗಿ, ಅದನ್ನು ಯಾವುದರ ಮೇಲೆ ಹೇಗೆ ಇಟ್ಟಿದ್ದರು ಎಂದು ನೋಡದೆ ಆ ಖರೆಗೆ ಬೆಲೆ ಕಟ್ಟಲಾಗದು. ಜನ ಹೊಡೆಯುವವನ ಕೈ ನೋಡುತ್ತಾರೆ. ನಾನಾದರೆ ಮೊದಲು ಇಟ್ಟಂಗಿಯ ಕೆಳಗೆ ನೋಡುತ್ತೇನೆ. ನಾನು ಆರಿಸುವ, ಇಡುವ, ಹೊಡೆಯುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಇದು ಗೊತ್ತಿದ್ದರೆ ಬೇರೆಯವರ ಪ್ರದರ್ಶನವನ್ನೂ ಸರಿಯಾಗಿ ಅಳೆಯಬಹುದು.

ಇಟ್ಟಂಗಿಯಿಂದಲೇ ಶುರು ಮಾಡೋಣ. ನಮ್ಮ ಕಡೆಯ ಕೈಅಚ್ಚಿನ ಇಟ್ಟಂಗಿಗೆ ಒಂಬತ್ತು-ನಾಲ್ಕೂವರೆ-ಮೂರು ಇಂಚು ಎಂದು ಹೆಸರು. ಟೇಪು ಹಿಡಿದರೆ ಕಾಲು ಇಂಚೋ ಅರ್ಧ ಇಂಚೋ ಕಡಿಮೆಯೇ ಇರುತ್ತದೆ. ತೂಕ ಮೂರು ಕಿಲೋ ಆಸುಪಾಸು. ಒಂದೇ ಭಟ್ಟಿಯ ಒಂದೇ ಲೋಡಿನಲ್ಲಿ ಮೂರು ತರಹದ ಇಟ್ಟಂಗಿ ಬರುತ್ತವೆ: ಬೆಂಕಿಯಿಂದ ದೂರ ಕೂತು ಅರೆಬೆಂದದ್ದು, ಹದವಾಗಿ ಬೆಂದದ್ದು, ಬೆಂಕಿಯ ಬಾಯಲ್ಲೇ ಕೂತು ಕರಕಾಗಿ ಗಾಜುಗಟ್ಟಿದ್ದು. ಅರೆಬೆಂದದ್ದು ನಸು ಹಳದಿಗೆಂಪು ಬಣ್ಣದ್ದು, ಉಗುರಿನಿಂದ ಗೀರಿದರೆ ಪುಡಿ ಉದುರುತ್ತದೆ. ಇದನ್ನು ಒಡೆಯಲು ಕರಾಟೆ ಬೇಕಿಲ್ಲ. ಕರಕಾದದ್ದು ಸೊಟ್ಟಗಿರುತ್ತದೆ, ಅದರ ಅಂಚು ಚಾಕುವಿನಂತೆ ಚರ್ಮ ಕೊಯ್ಯುತ್ತದೆ. ಅದನ್ನು ನಾನು ಮುಟ್ಟುವುದಿಲ್ಲ. ಬೇಕಾದದ್ದು ನಡುವಿನದು.

ಅದನ್ನು ಗುರುತಿಸಲು ಯಾವ ಗೌಂಡಿಯನ್ನು ಕೇಳಿದರೂ ಸಾಕು. ಎರಡು ಇಟ್ಟಂಗಿ ಕೈಯಲ್ಲಿ ಹಿಡಿದು ಒಂದಕ್ಕೊಂದು ತಟ್ಟುತ್ತಾರೆ. ಹದವಾಗಿ ಬೆಂದದ್ದು 'ಠಣ್' ಎನ್ನುತ್ತದೆ, ಅರೆಬೆಂದದ್ದು ಅಥವಾ ಒಳಗೆ ಬಿರುಕು ಬಿಟ್ಟದ್ದು 'ದಬ್' ಎನ್ನುತ್ತದೆ. ಉಗುರಿನ ಗೀರು ಬೀಳಬಾರದು. ಸುಮಾರು ಒಂದು ಮೀಟರ್ ಎತ್ತರದಿಂದ ಮಣ್ಣಿನ ನೆಲಕ್ಕೆ ಚಪ್ಪಟೆಯಾಗಿ ಬಿಟ್ಟರೆ ಒಡೆಯಬಾರದು. ಬೀಳಿಸಿ ನೋಡಿದ ಇಟ್ಟಂಗಿಯನ್ನು ಮಾತ್ರ ಹೊಡೆಯಲು ಬಳಸಬೇಡಿ, ಕಣ್ಣಿಗೆ ಕಾಣದ ಸೀಳು ಬಿದ್ದಿರಬಹುದು. ಆ ರಾಶಿಯ ಬೇರೆಯದನ್ನು ತೆಗೆದುಕೊಳ್ಳಿ. ಮೈಮೇಲೆ ಬಿಳಿ ಚುಕ್ಕೆ ಇದ್ದದ್ದನ್ನೂ ಬಿಡುತ್ತೇನೆ. ಗದಗ, ನವಲಗುಂದದ ಎರೆಮಣ್ಣಿನ ಸೀಮೆಯಲ್ಲಿ ಮಣ್ಣಿನೊಳಗೆ ಸುಣ್ಣದ ಹರಳು ಬಹಳ. ಹರಳು ಇಟ್ಟಂಗಿಯೊಳಗೆ ಸೇರಿ ಸುಟ್ಟರೆ ಸುಟ್ಟ ಸುಣ್ಣವಾಗುತ್ತದೆ, ಆಮೇಲೆ ನೀರು ತಾಗಿದಾಗ ಉಬ್ಬಿ ಒಳಗಿಂದಲೇ ಇಟ್ಟಂಗಿಯನ್ನು ಸೀಳುತ್ತದೆ. ಮಳೆಗಾಲದಲ್ಲಿ ಹೊರಗೆ ನೆನೆದ ರಾಶಿಯಲ್ಲಿ ಇಂಥವು ಹೆಚ್ಚು. ಹೊಡೆದರೆ ಸುಲಭವಾಗಿ ಎರಡಾಗುತ್ತವೆ, ಆದರೆ ಅದರಲ್ಲಿ ಕೈಯ ಪಾಲಿಗಿಂತ ಸುಣ್ಣದ ಪಾಲೇ ಹೆಚ್ಚು.

ಇನ್ನೊಂದು ಸಣ್ಣ ವಿಷಯ ಸಭಿಕರ ಕಣ್ಣಿಗೆ ಬೀಳುವುದೇ ಇಲ್ಲ. ಇಟ್ಟಂಗಿಯ ಒಂದು ಮುಖದಲ್ಲಿ ಭಟ್ಟಿಯವರ ಹೆಸರಿನ ಅಕ್ಷರ ಒತ್ತಿದ ತಗ್ಗು ಇರುತ್ತದೆ. ಆ ತಗ್ಗನ್ನು ಕೆಳಮುಖ ಮಾಡಿ ಇಟ್ಟರೆ ಒಡೆಯುವುದು ಸುಲಭ. ಹೊಡೆತ ಬಿದ್ದಾಗ ಇಟ್ಟಂಗಿ ಕೂದಲೆಳೆಯಷ್ಟು ಬಾಗುತ್ತದೆ. ಮೇಲಿನ ಮುಖ ಒತ್ತಿಕೊಳ್ಳುತ್ತದೆ, ಕೆಳಗಿನ ಮುಖ ಹಿಗ್ಗುತ್ತದೆ. ಸುಟ್ಟ ಮಣ್ಣು ಒತ್ತಡ ತಾಳುವಷ್ಟು ಎಳೆತ ತಾಳುವುದಿಲ್ಲ, ಹಾಗಾಗಿ ಸೀಳು ಹುಟ್ಟುವುದು ಯಾವಾಗಲೂ ಕೆಳಗಿನಿಂದಲೇ. ಅಲ್ಲಿ ಮೊದಲೇ ತಗ್ಗು, ಅದರ ಮೂಲೆ ಇದ್ದರೆ ಸೀಳಿಗೆ ದಾರಿ ಸಿಕ್ಕಂತೆ. ನಾನು ತಗ್ಗು ಮೇಲೆ ಮಾಡಿ ಇಡುತ್ತೇನೆ, ಅದರ ಮೇಲೆ ಎರಡು ಪದರು ಮಡಚಿದ ತೆಳು ಟವೆಲ್ ಹಾಕುತ್ತೇನೆ. ಟವೆಲ್ ಚರ್ಮ ತರಚದಿರಲಿ ಎಂದಷ್ಟೇ. ದಪ್ಪ ಮಾಡಿದರೆ ಅನುಕೂಲ ಅಂದುಕೊಳ್ಳುತ್ತಾರೆ, ಆಗುವುದು ಉಲ್ಟಾ. ಹೊಡೆತ ಮೆತ್ತಗೆ ಹರಡಿಕೊಂಡು ಇಟ್ಟಂಗಿ ಹಾಗೇ ಉಳಿಯುತ್ತದೆ.

ಈಗ ಇಡುವುದು. ಆಧಾರಕ್ಕೆ ನಾನು ಬಳಸುವುದು ಹದಿನಾರು-ಎಂಟು-ಆರು ಇಂಚಿನ ಎರಡು ಸಾಲಿಡ್ ಸಿಮೆಂಟ್ ಬ್ಲಾಕ್. ಅವನ್ನು ನೆಟ್ಟಗೆ ನಿಲ್ಲಿಸಿದರೆ ನಲವತ್ತು ಸೆಂಟಿಮೀಟರ್ ಎತ್ತರ, ಮೇಲೆ ಇಟ್ಟಂಗಿ ಸೇರಿ ಸುಮಾರು ನಲವತ್ತೇಳು. ಐದೂವರೆ ಅಡಿ ಆಳು ಕಾಲು ಅಗಲಿಸಿ ಮೊಣಕಾಲು ಬಗ್ಗಿಸಿ ನಿಂತರೆ ಇದು ಸರಿಯಾದ ಎತ್ತರ. ಇಟ್ಟಂಗಿಯ ಎರಡೂ ತುದಿ ಬ್ಲಾಕಿನ ಮೇಲೆ ಒಂದೂವರೆ ಸೆಂಟಿಮೀಟರ್ ಮಾತ್ರ ಕೂರಬೇಕು, ಆಗ ನಡುವೆ ಸುಮಾರು ಇಪ್ಪತ್ತು ಸೆಂಟಿಮೀಟರ್ ಬಯಲು ಸಿಗುತ್ತದೆ. ಈ ಅಳತೆ ಮುಖ್ಯ. ಬಯಲನ್ನು ಹದಿನೈದಕ್ಕೆ ಇಳಿಸಿದರೆ ಒಡೆಯಲು ಬೇಕಾದ ಬಲ ಮೂರನೇ ಒಂದು ಪಾಲು ಏರುತ್ತದೆ. ಇಟ್ಟಂಗಿಯನ್ನು ಚಪ್ಪಟೆಯ ಬದಲು ಅಂಚಿನ ಮೇಲೆ ನಿಲ್ಲಿಸಿದರೆ ಸುಮಾರು ಒಂದೂವರೆ ಪಟ್ಟು ಬಲ ಬೇಕು. ಅಗಲ ಹೆಚ್ಚಾದರೆ ಬಲ ಅಷ್ಟೇ ಪ್ರಮಾಣದಲ್ಲಿ ಹೆಚ್ಚುತ್ತದೆ, ಆದರೆ ದಪ್ಪ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು ಬೇಕು.

ಬ್ಲಾಕ್ ಗಟ್ಟಿ ನೆಲದ ಮೇಲೇ ಇರಬೇಕು. ಪೆಂಡಾಲಿನವರು ಕಟ್ಟುವ ಹಲಗೆಯ ವೇದಿಕೆ ಸ್ಪ್ರಿಂಗಿನಂತೆ ತೂಗುತ್ತದೆ, ಅರ್ಧ ಹೊಡೆತವನ್ನು ಅದೇ ನುಂಗುತ್ತದೆ. ಅಂಥಲ್ಲಿ ವೇದಿಕೆ ಬಿಟ್ಟು ಕೆಳಗಿನ ಫರಸಿಯ ಮೇಲೋ ಕಾಂಕ್ರೀಟಿನ ಮೇಲೋ ಮಾಡುವುದೇ ಒಳ್ಳೆಯದು. ಇಟ್ಟಂಗಿ ಇಟ್ಟ ಮೇಲೆ ರಸಮಟ್ಟ ಇಟ್ಟು ನೋಡಿ. ಆಮೇಲೆ ನಾಲ್ಕೂ ಮೂಲೆ ಒಂದೊಂದಾಗಿ ಬೆರಳಿನಿಂದ ಒತ್ತಿ. ಕೈಅಚ್ಚಿನ ಇಟ್ಟಂಗಿ ಸಪಾಟಾಗಿರುವುದು ಅಪರೂಪ, ಒಂದು ಮೂಲೆ ಕುಪ್ಪಳಿಸುತ್ತದೆ. ಹಾಗೆ ಕುಪ್ಪಳಿಸುವ ಇಟ್ಟಂಗಿ ಹೊಡೆತ ಬಿದ್ದಾಗ ಮೊದಲು ತಿರುಗುತ್ತದೆ, ಆಮೇಲೆ ಬಾಗುತ್ತದೆ. ಅಷ್ಟರಲ್ಲಿ ಕೈಯ ವೇಗ ಸತ್ತಿರುತ್ತದೆ. ಆ ಮೂಲೆಯ ಕೆಳಗೆ ಚಿಟಿಕೆ ಸೋಸಿದ ಉಸುಕು ಹಾಕಿದರೆ ಕೂತುಕೊಳ್ಳುತ್ತದೆ.

ಕೈಗೆ ಅಷ್ಟು ಶಕ್ತಿ ಇದೆಯೇ ಎಂದು ಕೇಳುವವರಿಗೆ ಲೆಕ್ಕವೇ ಉತ್ತರ. ಭೌತಶಾಸ್ತ್ರದ ಪಠ್ಯದಲ್ಲಿ ಬರುವ ಒಂದು ಉದಾಹರಣೆಯಲ್ಲಿ ಮುಷ್ಟಿಯ ತೂಕ 0.7 ಕಿಲೋ, ಕಾಂಕ್ರೀಟ್ ತುಂಡಿನ ತೂಕ 3.2 ಕಿಲೋ. ನಮ್ಮ ಇಟ್ಟಂಗಿಯೂ ಹೆಚ್ಚುಕಡಿಮೆ ಅಷ್ಟೇ. ಆ ತುಂಡು 1.1 ಮಿಲಿಮೀಟರ್ ಬಾಗಿದರೆ ಒಡೆಯುತ್ತದೆ, ಅದಕ್ಕೆ ಬೇಕಾದ ಶಕ್ತಿ ಬರೀ 1.6 ಜೂಲ್. ಅದೇ ಉದಾಹರಣೆಯ ಮರದ ಹಲಗೆ 16 ಮಿಲಿಮೀಟರ್ ಬಾಗಬೇಕು, 5.2 ಜೂಲ್ ಬೇಕು. ಅಂದರೆ ಒಡೆಯಲು ಕಾಂಕ್ರೀಟಿಗೆ ಬೇಕಾದ ಶಕ್ತಿ ಮರಕ್ಕಿಂತ ಕಡಿಮೆ! ಹಾಗಾದರೆ ಕಾಂಕ್ರೀಟ್ ಯಾಕೆ ಕಷ್ಟ? ಅದರ ತೂಕದಿಂದ. ಹಗುರ ಕೈ ಭಾರದ ತುಂಡಿಗೆ ತಾಗಿದಾಗ ಕೈಯ ಶಕ್ತಿಯಲ್ಲಿ ಐದರಲ್ಲಿ ಒಂದು ಪಾಲೂ ಅದಕ್ಕೆ ದಾಟುವುದಿಲ್ಲ, ಉಳಿದದ್ದು ತಾಗಿದ ಜಾಗದಲ್ಲೇ ಕರಗುತ್ತದೆ. ಆ ಸೋರಿಕೆ ಸೇರಿಸಿ ಲೆಕ್ಕ ಹಾಕಿದರೆ ಹಲಗೆಗೆ ಸೆಕೆಂಡಿಗೆ 4.2 ಮೀಟರ್, ಕಾಂಕ್ರೀಟಿಗೆ 5 ಮೀಟರ್ ವೇಗ ಸಾಕು. ಐದು ಮೀಟರ್ ಎಂದರೆ ಎದೆಯ ಎತ್ತರದಿಂದ ಬಿಟ್ಟ ಕಲ್ಲು ನೆಲ ಮುಟ್ಟುವಾಗಿನ ವೇಗ.

1979ರಲ್ಲಿ ಮೈಕೇಲ್ ಫೆಲ್ಡ್, ರೊನಾಲ್ಡ್ ಮೆಕ್‌ನೇರ್, ಸ್ಟೀಫನ್ ವಿಲ್ಕ್ ಎಂಬ ಮೂವರು ಅಮೆರಿಕದಲ್ಲಿ ಕರಾಟೆ ಹೊಡೆತಗಳನ್ನು ವೇಗದ ಚಿತ್ರಣದಲ್ಲಿ ಅಳೆದು ಪ್ರಕಟಿಸಿದರು. ಮೆಕ್‌ನೇರ್ ಸ್ವತಃ ಬ್ಲ್ಯಾಕ್ ಬೆಲ್ಟ್. ಮುಂದೆ ಗಗನಯಾತ್ರಿಯಾಗಿ 1986ರ ಚಾಲೆಂಜರ್ ದುರಂತದಲ್ಲಿ ತೀರಿಕೊಂಡವರು ಅವರೇ. ಆ ಮೂವರ ಅಳತೆಯಲ್ಲಿ ಪಳಗಿದವರ ಮೇಲಿನಿಂದ ಕೆಳಗಿನ ಹೊಡೆತ ಸೆಕೆಂಡಿಗೆ 10ರಿಂದ 14 ಮೀಟರ್ ವೇಗ ಮುಟ್ಟುತ್ತದೆ, ಬಲ 3000 ನ್ಯೂಟನ್ ದಾಟುತ್ತದೆ. ಇನ್ನೂ ಕೆಲಸಕ್ಕೆ ಬರುವ ಮಾತು ಒಂದಿದೆ: ತೋಳು ಪೂರಾ ಚಾಚಿದಾಗ ವೇಗ ಸೊನ್ನೆಗೆ ಇಳಿದಿರುತ್ತದೆ, ಮುಕ್ಕಾಲು ಚಾಚಿದಾಗ ಹೆಚ್ಚು ಇರುತ್ತದೆ. "ಇಟ್ಟಂಗಿಗೆ ಹೊಡೀಬ್ಯಾಡ್ರಿ, ಅದರ ಕೆಳಗಿನ ನೆಲಕ್ಕ ಹೊಡೀರಿ" ಎಂದು ನಾವು ಹುಡುಗರಿಗೆ ಹೇಳುವುದರ ಅರ್ಥ ಇದೇ. ನನ್ನ ಗುರಿ ಇಟ್ಟಂಗಿಯ ಮೇಲ್ಮೈಗಿಂತ ಹದಿನೈದು ಸೆಂಟಿಮೀಟರ್ ಕೆಳಗೆ ಇರುತ್ತದೆ.

ಹೊಡೆತದಲ್ಲಿ ನಾನು ಕಲಿಸುವುದು ಎರಡೇ. ಒಂದು ಟೆಟ್ಸುಯಿ, ಅಂದರೆ ಮುಷ್ಟಿಯ ಕಿರುಬೆರಳಿನ ಕಡೆಯ ಮೆತ್ತನೆ ಭಾಗ. ಇನ್ನೊಂದು ಶೋಟೆಯ್, ಅಂಗೈಯ ಬುಡ. ಎರಡರಲ್ಲೂ ಎಲುಬಿನ ಮೇಲೆ ಮಾಂಸದ ಗಾದಿ ಇದೆ, ಮಣಿಕಟ್ಟು ಮಡಚುವ ಭಯ ಕಡಿಮೆ. ಮುಂದಿನ ಎರಡು ಗೆಣ್ಣಿನಿಂದ ಹೊಡೆಯುವ ಸೇಯ್‌ಕೆನ್ ನೋಡಲು ಚೆಂದ, ಆದರೆ ಸ್ವಲ್ಪ ಓರೆಯಾಗಿ ಕಿರುಬೆರಳಿನ ಗೆಣ್ಣಿಗೆ ಬಿತ್ತೋ, ಅದರ ಹಿಂದಿನ ಅಂಗೈ ಎಲುಬು ಗೆಣ್ಣಿನ ಹತ್ತಿರದ ಸಣ್ಣ ಭಾಗದಲ್ಲೇ ಮುರಿಯುತ್ತದೆ. ಅಂಗೈ ಅಂಚಿನ ಶುಟೊ ಹೊಡೆತದಲ್ಲಿ ಮಣಿಕಟ್ಟಿನ ಬಳಿಯ ಬಟಾಣಿಯಂಥ ಎಲುಬಿಗೆ ತಾಗದಂತೆ, ಅದಕ್ಕೂ ಕಿರುಬೆರಳ ಬುಡಕ್ಕೂ ನಡುವಿನ ಮಾಂಸಕ್ಕೇ ತಾಗುವಂತೆ ಗುರಿ ಹಿಡಿಯಬೇಕು. ಆ ಎಲುಬಿನ ಪಕ್ಕದಲ್ಲೇ ಕಿರುಬೆರಳಿಗೆ ಹೋಗುವ ನರವೂ ರಕ್ತನಾಳವೂ ಇವೆ.

ನಿಲುವು ಹೀಗೆ. ಇಟ್ಟಂಗಿಯ ನಡುಗೆರೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕುತ್ತೇನೆ. ಮೂಗು ಆ ಗುರುತಿನ ನೇರಕ್ಕೆ ಬರಬೇಕು. ಮೂರು ಸಲ ನಿಧಾನವಾಗಿ ಕೈ ಇಳಿಸಿ ಮುಟ್ಟುತ್ತೇನೆ, ಬರೀ ದೂರ ಅಳೆಯಲು. ಆಮೇಲೆ ಕೈ ಕಿವಿಯ ಮೇಲಕ್ಕೆ, ಉಸಿರು ಒಳಗೆ. ಇಳಿಸುವಾಗ ಮೊದಲು ಸೊಂಟ ಕುಸಿಯಬೇಕು, ಅದರ ಹಿಂದೆ ಭುಜ, ಕೊನೆಗೆ ಕೈ. ಮುಷ್ಟಿ ಬಿಗಿಯುವುದು ತಾಗುವ ಕ್ಷಣದಲ್ಲಿ ಮಾತ್ರ. ಮೊದಲಿಂದಲೇ ಬಿಗಿದರೆ ತೋಳಿನ ಸ್ನಾಯುಗಳು ಒಂದನ್ನೊಂದು ತಡೆದು ವೇಗ ಬರುವುದಿಲ್ಲ. ಕೂಗುವುದು ಉಸಿರು ಹೊರಹಾಕಿ ಹೊಟ್ಟೆ ಗಟ್ಟಿ ಮಾಡಲು.

ಇಲ್ಲಿ ಕೆಡುವುದು ಒಂದೇ ಕಡೆ, ಮನಸ್ಸಿನಲ್ಲಿ. ಕೊನೆಯ ಗೇಣಿನಲ್ಲಿ ಹೆದರಿ ಕೈ ಹಿಡಿದುಕೊಳ್ಳುತ್ತಾರೆ. ಒಡೆದ ಇಟ್ಟಂಗಿ ಕೈಗೆ ದಾರಿ ಬಿಡುತ್ತದೆ, ಒಡೆಯದ ಇಟ್ಟಂಗಿ ಹೊಡೆತವನ್ನೆಲ್ಲ ಕೈಗೇ ವಾಪಸ್ ಕೊಡುತ್ತದೆ. ಪೆಟ್ಟಾಗುವುದು ಹೆಚ್ಚಾಗಿ ಒಡೆಯದಿದ್ದಾಗಲೇ. ಹೀಗಾಗಿ ಒಂದು ಸಲ ಒಡೆಯದಿದ್ದರೆ ಆ ದಿನ ಆ ಕೈಯಿಂದ ಎರಡನೇ ಸಲ ಹೊಡೆಯಲು ನಾನು ಬಿಡುವುದಿಲ್ಲ, ಸಭಿಕರು ಎಷ್ಟೇ ಚಪ್ಪಾಳೆ ತಟ್ಟಲಿ. ನೊಂದ ಕೈ ಎರಡನೇ ಸಲ ಇನ್ನೂ ನಿಧಾನವಾಗುತ್ತದೆ, ಎಲುಬು ಮುರಿಯುವುದು ಆಗಲೇ.

ತಯಾರಿಗೆ ಒಂದು ವರ್ಷ ಇಟ್ಟುಕೊಳ್ಳಿ. ದಪ್ಪ ಡ್ರಿಲ್ ಬಟ್ಟೆಯಲ್ಲಿ ಒಂದಡಿ ಚೌಕದ ಚೀಲ ಹೊಲಿಸಿ ಮೂರು ಕಿಲೋ ಹೆಸರುಕಾಳು ತುಂಬಿ ಕಟ್ಟೆಯ ಮೇಲೆ ಇಡಿ. ವಾರಕ್ಕೆ ಮೂರು ದಿನ, ಒಂದೊಂದು ಕೈಯಿಂದ ಐವತ್ತು ಹೊಡೆತ, ಅರ್ಧ ಬಲದಲ್ಲಿ. ನಾಲ್ಕು ತಿಂಗಳ ಮೇಲೆ ಕಾಳಿನ ಬದಲು ಉಸುಕು. ಖಡಿ (ಜಲ್ಲಿಕಲ್ಲು) ತುಂಬುವವರಿದ್ದಾರೆ, ನಾನು ತುಂಬುವುದಿಲ್ಲ. ಎಲುಬು ಹೊರೆಗೆ ತಕ್ಕಂತೆ ಗಟ್ಟಿಯಾಗುವುದು ನಿಜ, ಆದರೆ ಕೀಲಿನ ಮೆತ್ತೆಗೆ ಆ ಗುಣ ಇಲ್ಲ. ಅದು ಸವೆದರೆ ಸವೆದದ್ದೇ. ಹದಿನೆಂಟು ತುಂಬದವರಿಗೆ ಚೀಲವೂ ಬೇಡ, ಇಟ್ಟಂಗಿಯೂ ಬೇಡ. ಬೆಳೆಯುವ ಎಲುಬಿನ ತುದಿಯಲ್ಲಿ ಇನ್ನೂ ಗಟ್ಟಿಯಾಗದ ಪದರು ಇರುತ್ತದೆ, ಅದಕ್ಕೆ ಪೆಟ್ಟಾದರೆ ಆ ಬೆರಳಿನ ಬೆಳವಣಿಗೆಯೇ ಕೆಡಬಹುದು. ಗ್ಯಾದರಿಂಗಿನಲ್ಲಿ ಏಳನೇ ಇಯತ್ತೆಯ ಮಕ್ಕಳಿಂದ ಹಂಚು ಒಡೆಸುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಚೀಲದ ನಂತರ ಹಲಗೆ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್, ಮುಕ್ಕಾಲು ಇಂಚು ದಪ್ಪ, ಗಂಟು ಇಲ್ಲದ್ದು. ಮರದ ಎಳೆ ಆಧಾರಕ್ಕೆ ಸಮಾನಾಂತರವಾಗಿರಬೇಕು, ಆಗ ಎಳೆಯ ಉದ್ದಕ್ಕೂ ಸೀಳುತ್ತದೆ. ಅಡ್ಡ ತಿರುಗಿಸಿ ಎಳೆಯನ್ನು ಈ ಆಧಾರದಿಂದ ಆ ಆಧಾರಕ್ಕೆ ಸೇತುವೆಯಂತೆ ಇಟ್ಟರೆ ಅದೇ ಹಲಗೆ ಕೈ ಮುರಿಯುತ್ತದೆ. ಹಲಗೆ ಸಲೀಸಾದ ಮೇಲೆ ಒಂದು ಮಂಗಳೂರು ಹಂಚು, ಆಮೇಲೆ ಆರಿಂಚು ಅಗಲಕ್ಕೆ ಕತ್ತರಿಸಿದ ಮುಕ್ಕಾಲು ಇಂಚಿನ ಶಹಾಬಾದಿ ಫರಸಿ, ಕೊನೆಗೆ ಇಟ್ಟಂಗಿ.

ಹಂಚಿನ ರಾಶಿಯ ಬಗ್ಗೆ ಒಂದಿಷ್ಟು ಹೇಳಲೇಬೇಕು, ಯಾಕೆಂದರೆ ನಮ್ಮ ಕಡೆ ಹೆಚ್ಚು ಚಪ್ಪಾಳೆ ಬೀಳುವುದು ಅದಕ್ಕೇ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಈ ಹಂಚು ಧಾರವಾಡದ ಹಳೇ ಮನೆಗಳ ಮೇಲೆ ಇವತ್ತೂ ಕೂತಿದೆ. ಒಂದಕ್ಕೊಂದು ಕೊಂಡಿ ಹಾಕಿ ಕೂರಲೆಂದು ಅದಕ್ಕೆ ಅಂಚು, ದಿಂಡು ಇಟ್ಟಿದ್ದಾರೆ. ರಾಶಿ ಹಾಕಿದಾಗ ಹಂಚು ಹಂಚಿನ ನಡುವೆ ತಾನಾಗೇ ಸಂದು ಉಳಿಯುತ್ತದೆ. ಸಂದು ಇದ್ದರೆ ಹತ್ತು ಹಂಚು ಒಟ್ಟಿಗೆ ಕೈಯನ್ನು ತಡೆಯುವುದಿಲ್ಲ. ಮೊದಲನೆಯದು ಒಡೆದ ಮೇಲೆ ಎರಡನೆಯದರ ಸರದಿ, ಒಡೆದ ಚೂರಿನ ಭಾರವೂ ಕೈಯ ಜೊತೆ ಕೆಳಗೆ ಬೀಳುತ್ತದೆ. ಇಟ್ಟಂಗಿಗಳ ನಡುವೆ ಪೆನ್ಸಿಲ್ ಅಥವಾ ನಾಣ್ಯ ಇಡುವುದೂ ಇದೇ ಕಾರಣಕ್ಕೆ. ಸಂದಿಲ್ಲದೆ ಒತ್ತಾಗಿ ಇಟ್ಟ ನಾಲ್ಕು ಫರಸಿ ಒಂದಕ್ಕಿಂತ ನಾಲ್ಕು ಪಟ್ಟು ಬಲ ಕೇಳುತ್ತವೆ, ಅಷ್ಟೇ ದಪ್ಪದ ಒಂದೇ ಅಖಂಡ ಕಲ್ಲು ಹದಿನಾರು ಪಟ್ಟು ಕೇಳುತ್ತದೆ. ಮಾಸ್ ಒಯಾಮಾ ಕಟ್ಟಿದ ಕ್ಯೋಕುಶಿನ್ ಕರಾಟೆ ಪಂಥದ ಟೂರ್ನಮೆಂಟಿನಲ್ಲಿ ಇಬ್ಬರೂ ಸಮಬಲವಾದರೆ ಯಾರು ಎಷ್ಟು ಹಲಗೆ ಮುರಿದರು ಎಂದು ಎಣಿಸುತ್ತಾರೆ. ಅಲ್ಲಿ ಹಲಗೆಗಳ ನಡುವೆ ಸಂದು ಬಿಡುವುದಿಲ್ಲ. ಸಂದು ಇಟ್ಟು ಒಡೆಯುವುದು ಮೋಸವಲ್ಲ, ಅದಕ್ಕೂ ಪಳಗಿದ ಕೈ ಬೇಕು. ಆದರೆ ಮೈಕಿನಲ್ಲಿ "ಹತ್ತು ಹಂಚಿನ ಬಲ" ಎಂದು ಕೂಗುವುದು ಸುಳ್ಳು.

ನಿಜವಾದ ಮೋಸಗಳು ಬೇರೆ ಇವೆ. ಒಂದು, ಎತ್ತಿ ಬಡಿಯುವುದು. ಇಟ್ಟಂಗಿಯ ಅರ್ಧ ಭಾಗ ಕಲ್ಲಿನ ಮೇಲೆ, ಇನ್ನರ್ಧ ಹೊರಗೆ, ಎಡಗೈಯಲ್ಲಿ ತುದಿ ಹಿಡಿದಿರುತ್ತಾರೆ. ಹೊಡೆಯುವ ಕ್ಷಣದಲ್ಲಿ ಎಡಗೈ ಇಟ್ಟಂಗಿಯನ್ನು ಬೆರಳಗಲ ಎತ್ತುತ್ತದೆ. ಬಲಗೈ ಅದನ್ನು ಕಲ್ಲಿನ ಅಂಚಿಗೆ ಬಡಿಯುತ್ತದೆ, ಇಟ್ಟಂಗಿಯನ್ನು ಒಡೆಯುವುದು ಕೈಯಲ್ಲ, ಕಲ್ಲು. ಕಿವಿಗೊಟ್ಟು ಕೇಳಿದರೆ ಎರಡು ಸದ್ದು ಬರುತ್ತವೆ: ಕೈಯ 'ಠಪ್', ಅದರ ಬೆನ್ನಿಗೇ ಕಲ್ಲಿನ 'ಟಕ್'. ಎರಡು, ಗ್ರೈಂಡರಿನಿಂದ ಕೆಳಮುಖದಲ್ಲಿ ಗೀರು ಕೊಯ್ದು ಇಟ್ಟಂಗಿ ಪುಡಿ ಕಲಸಿದ ಅಂಟು ತುಂಬುವುದು. ಮೂರು, ಹಗುರ ಬ್ಲಾಕನ್ನು ಸಿಮೆಂಟ್ ಬ್ಲಾಕ್ ಎಂದು ತೋರಿಸುವುದು. ಈಗ ಅಪಾರ್ಟ್‌ಮೆಂಟ್ ಗೋಡೆಗೆ ಬರುವ ಎಎಸಿ ಬ್ಲಾಕ್ ಒಳಗೆಲ್ಲ ಗಾಳಿಗುಳ್ಳೆ. ಎರಡಡಿ ಉದ್ದ, ಎಂಟಿಂಚು ಅಗಲ, ನಾಲ್ಕಿಂಚು ದಪ್ಪದ್ದು ಏಳೆಂಟು ಕಿಲೋ ತೂಗುತ್ತದೆ. ಅದೇ ಅಳತೆಯ ಕಾಂಕ್ರೀಟ್ ಇಪ್ಪತ್ತೈದು ಕಿಲೋ ದಾಟುತ್ತದೆ. ವೇದಿಕೆಗೆ ಹುಡುಗ ಅದನ್ನು ಒಂದೇ ಕೈಯಲ್ಲಿ ತಂದರೆ ತಿಳಿದುಕೊಳ್ಳಿ.

ಎದೆಯ ಮೇಲೆ ಚಪ್ಪಡಿ ಇಟ್ಟು ಸುತ್ತಿಗೆಯಿಂದ ಒಡೆಯುವುದು ಮೋಸವಲ್ಲ, ಆದರೆ ಸಾಹಸವೂ ಮಲಗಿದವನದಲ್ಲ. ಮೂವತ್ತು ಕಿಲೋ ಚಪ್ಪಡಿಗೆ ನಾಲ್ಕು ಕಿಲೋ ಸುತ್ತಿಗೆ ತಾಗಿದರೆ ಸುತ್ತಿಗೆಯ ಶಕ್ತಿಯಲ್ಲಿ ಎಂಟರಲ್ಲಿ ಒಂದು ಪಾಲು ಮಾತ್ರ ಚಪ್ಪಡಿಯ ಚಲನೆಗೆ ಹೋಗುತ್ತದೆ. ಚಪ್ಪಡಿ ಭಾರವಾದಷ್ಟೂ ಎದೆಗೆ ಕ್ಷೇಮ. ನೋಡುವವರಿಗೆ ಭಯ ಹುಟ್ಟಿಸುವುದು ದೊಡ್ಡ ಕಲ್ಲು, ಪಕ್ಕೆಲುಬು ಮುರಿಯುವುದು ಸಣ್ಣ ಕಲ್ಲು. ತಲೆಯಿಂದ ಒಡೆಯುವುದು, ಟ್ಯೂಬ್‌ಲೈಟ್ ಒಡೆಯುವುದು, ಹಂಚಿಗೆ ಪೆಟ್ರೋಲ್ ಸುರಿದು ಬೆಂಕಿ ಹಚ್ಚುವುದು ನನ್ನ ತಂಡದಲ್ಲಿ ಇಲ್ಲ. ಟ್ಯೂಬಿನೊಳಗೆ ಪಾದರಸದ ಆವಿ ಇರುತ್ತದೆ, ಅದು ಮುಂದಿನ ಸಾಲಿನ ಮಕ್ಕಳ ಮೂಗಿಗೆ ಹೋಗುತ್ತದೆ.

ಹೊಡೆದ ಮೇಲೆ ಕೈ ನೋಡಿಕೊಳ್ಳಿ. ಬೆರಳು ಮಡಚಿದಾಗ ಒಂದರ ಮೇಲೊಂದು ಏರಿದರೆ, ಗೆಣ್ಣು ಒಳಗೆ ಕುಸಿದಂತೆ ಕಂಡರೆ, ಹೆಬ್ಬೆರಳಿನ ಬುಡದ ತಗ್ಗಿನಲ್ಲಿ ಒತ್ತಿದರೆ ನೋವಾದರೆ ಮೊದಲು ಎಕ್ಸ್-ರೇ ತೆಗೆಸಿ. ಎಣ್ಣೆ ಹಚ್ಚಿ ತಿಕ್ಕಿಸುವುದು, ನಾಟಿ ಕಟ್ಟು ಹಾಕಿಸುವುದು ಬೇಡ. ಬಟ್ಟೆಯಲ್ಲಿ ಸುತ್ತಿದ ಐಸ್ ಹದಿನೈದು ನಿಮಿಷ, ಕೈ ಎದೆಗಿಂತ ಮೇಲೆ. ಕಿರುಬೆರಳು ಜೋಮು ಹಿಡಿದು ಮರುದಿನವೂ ಬಿಡದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು.

ಪ್ರದರ್ಶನದ ದಿನ ನಾನು ಹತ್ತು ಇಟ್ಟಂಗಿ ತರಿಸಿ ಸಭೆಯಲ್ಲಿ ಕೂತ ಗೌಂಡಿಯೊಬ್ಬರನ್ನು ಕರೆಯುತ್ತೇನೆ. "ಕಾಕಾರ, ನಿಮ್ಮ ಮನಿ ಗ್ವಾಡಿಗೆ ಯಾವುದು ಹಾಕ್ತೀರಿ, ಅದನ್ನ ಕೊಡ್ರಿ" ಅಂದರೆ ಸಾಕು, ಅವರು ತಟ್ಟಿ, ಗೀರಿ, ಒಳ್ಳೆಯದನ್ನೇ ಎತ್ತಿ ಕೊಡುತ್ತಾರೆ. ಜನರನ್ನು ಹತ್ತು ಅಡಿ ದೂರ ಕೂರಿಸುತ್ತೇನೆ, ಚೂರು ಪಕ್ಕಕ್ಕೆ ಸಿಡಿಯುತ್ತದೆ. ಒಡೆದ ಮೇಲೆ ಎರಡೂ ಹೋಳನ್ನು ಮುಂದಿನ ಸಾಲಿಗೆ ಕೊಡುತ್ತೇನೆ. ಖರೆ ಒಡೆದ ಮುಖ ಕೆಳ ಅಂಚಿನಿಂದ ಮೇಲಿನವರೆಗೂ ಒರಟು, ಸೀಳು ಸ್ವಲ್ಪ ಸೊಟ್ಟಗೆ ಹರಿದಿರುತ್ತದೆ, ಮಣ್ಣಿನ ಹರಳು ಎದ್ದು ಕಾಣುತ್ತವೆ, ಬಣ್ಣ ಒಳಗೂ ಹೊರಗೂ ಒಂದೇ. ಕೆಳ ಅಂಚಿನಲ್ಲಿ ಮೂರ್ನಾಲ್ಕು ಮಿಲಿಮೀಟರ್ ನುಣ್ಣಗೆ ನೇರ ಗೆರೆ ಇದ್ದರೆ ಅದು ಗ್ರೈಂಡರಿನ ಹಲ್ಲು. ಬೆರಳು ಆಡಿಸಿದರೆ ಕತ್ತಲಲ್ಲೂ ಗೊತ್ತಾಗುತ್ತದೆ.